ಬ್ರೇಕ್ ಮೆತ್ತಗಾದರೆ ಸೈಕಲ್ ಹತ್ತಬೇಡಿ
ಸಾವನದುರ್ಗ, ರಾಮದೇವರ ಬೆಟ್ಟದ ಆಸುಪಾಸಿನ ಏರಿಳಿತದಲ್ಲಿ ಎಲೆಕ್ಟ್ರಿಕ್ ಸೈಕಲ್ ಓಡಿಸುವವರಿಗೆ ಒಂದು ಮಾತು. ಬ್ಯಾಟರಿ, ಮೋಟರ್ ಸೇರಿ ಇದು ಮಾಮೂಲಿ ಸೈಕಲ್ಲಿಗಿಂತ ಭಾರ. ಇಳಿಜಾರಿನಲ್ಲಿ ಆ ಭಾರವನ್ನೆಲ್ಲ ತಡೆಯಬೇಕಾದ್ದು ಬ್ರೇಕು.

ಹೊರಡುವ ಮುಂಚೆ ಬ್ರೇಕ್ ಲಿವರ್ ಅದುಮಿ ನೋಡಿ. ಸ್ಪಂಜಿನಂತೆ ಮೆತ್ತಗಾಗಿ ಹಿಡಿಕೆಗೆ ತಾಗುವಷ್ಟು ಒಳಗೆ ಬಂದರೆ, ಹೈಡ್ರಾಲಿಕ್ ಬ್ರೇಕಿನಲ್ಲಿ ಗಾಳಿ ಸೇರಿರಬಹುದು, ಆಯಿಲ್ ಸೋರುತ್ತಿರಬಹುದು. ಮಾಗಡಿ, ಕನಕಪುರದಲ್ಲಿ ಒಳ್ಳೆಯ ಮೆಕ್ಯಾನಿಕ್‌ಗಳಿದ್ದಾರೆ, ನಿಜ. ಆದರೂ ವಾರಂಟಿ ಇರುವಾಗ ಹೊರಗೆ ಬಿಚ್ಚಿಸಬೇಡಿ. ಫೋಟೊ, ಬಿಲ್ ಸಮೇತ ಕಂಪನಿಗೆ ಬರಹದಲ್ಲೇ ದೂರು ಕೊಡಿ. ‘ಏನೂ ಆಗಲ್ಲ, ಓಡ್ಸಿ ಸಾರ್’ ಅಂದರೆ ಒಪ್ಪಬೇಡಿ. ದೋಷವಿರುವ ಸರಕಿನಿಂದಾದ ಹಾನಿಗೆ ತಯಾರಕರಿಂದ ಪರಿಹಾರ ಕೇಳಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ರಿಪೇರಿ ಆಗುವವರೆಗೆ ಮಕ್ಕಳ ಕೈಗಂತೂ ಕೊಡಲೇಬೇಡಿ.