ಕೈಗಿರಣಿಗೆ ವಿದ್ಯುತ್ ಮೋಟಾರು: ಅಲ್ಪವೆಚ್ಚದಲ್ಲೊಂದು ಯಂತ್ರಪಾಠ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಮೂರು ನದಿಗಳ ಸೀಮೆಯಲ್ಲಿ ಹರಡಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಎರೆಭೂಮಿಯು ಬಿಳಿಜೋಳದ ನಾಡೆಂದು ಪ್ರಸಿದ್ಧವಾಗಿದೆ. ಹಿಂಗಾರಿಯ ಈ ಜೋಳವು ಮನೆಗೆ ಬಂದ ಮೇಲೆ ಎಲ್ಲವೂ ಒಂದೇ ರೂಪವನ್ನು ತಾಳುವುದಿಲ್ಲ. ರೊಟ್ಟಿಗೆ ನುಣ್ಣನೆಯ ಹಿಟ್ಟು ಬೇಕು. ಮಜ್ಜಿಗೆಯೊಡನೆ ಉಣ್ಣುವುದಕ್ಕೆ ನುಚ್ಚು ಬೇಕು. ಹಿಂಡುವ ಎಮ್ಮೆಗೆ ಒಡಕು ಕಾಳು ಸಾಕು. ಹಿಟ್ಟಿನ ಕೆಲಸವನ್ನು ಊರಿನ ಗಿರಣಿಯು ಮಾಡಿಕೊಡುವುದು. ಆದರೆ ಸೇರು ಎರಡು ಸೇರು ನುಚ್ಚಿಗಾಗಿ ದೊಡ್ಡ ಗಿರಣಿಯ ಕಲ್ಲನ್ನು ಸಡಿಲಿಸಿಕೊಡೆಂದು ಕೇಳುವುದು ಸುಲಭವಲ್ಲ. ಆದುದರಿಂದ ಬೀಸುವ ಕಲ್ಲಾಗಲಿ, ಕೈಯಿಂದ ತಿರುಗಿಸುವ ಕಬ್ಬಿಣದ ಗಿರಣಿಯಾಗಲಿ ಮನೆಯಲ್ಲಿ ಇನ್ನೂ ಉಪಯೋಗಕ್ಕೆ ಬರುತ್ತದೆ. ಇಂತಹ ಕೈಗಿರಣಿಗೆ ಕಡಿಮೆ ವೆಚ್ಚದಲ್ಲಿ ವಿದ್ಯುತ್ ಮೋಟಾರನ್ನು ಜೋಡಿಸುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಬೀಸುವುದು ಎಷ್ಟು ಭಾರದ ಕೆಲಸ?

ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ನಸುಕಿನಲ್ಲೆದ್ದು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ತ್ರಿಪದಿಗಳು ಹೀಗೆ ಸಾಹಿತ್ಯಲೋಕಕ್ಕೆ ಪರಿಚಿತವಾದುವು. ಹಾಡು ಮಧುರವಾದುದು ನಿಜ. ಆದರೆ ಕಲ್ಲು ಹಗುರವಾಗಿರಲಿಲ್ಲ. ಆ ಭಾರವನ್ನು ಅಂಕಿಗಳಲ್ಲಿ ಅಳೆಯುವುದೇ ನಮ್ಮ ಮೊದಲನೆಯ ಪಾಠ.

ಅದಕ್ಕೆ ಬೇಕಾದ ಉಪಕರಣ ಒಂದು ಸ್ಪ್ರಿಂಗ್ ತಕ್ಕಡಿ ಮಾತ್ರ. ಗಿರಣಿಯಲ್ಲಿ ಜೋಳವನ್ನು ತುಂಬಿ, ಹಿಡಿಗೆ ಒಂದು ಹಗ್ಗವನ್ನು ಕಟ್ಟಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಹಿಡಿಯ ತೋಳಿಗೆ ಲಂಬವಾಗಿ ಎಳೆಯಬೇಕು. ಗಿರಣಿಯು ಕಾಳನ್ನು ಒಡೆಯುತ್ತ ತಿರುಗುವಾಗ ಮುಳ್ಳು ತೋರಿಸುವ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳಬೇಕು. ಅದು 5 ಕಿಲೋಗ್ರಾಂ ಎಂದೂ, ಅಕ್ಷದಿಂದ ಹಿಡಿಯವರೆಗಿನ ದೂರ 20 ಸೆಂಟಿಮೀಟರ್ ಎಂದೂ ಇಟ್ಟುಕೊಳ್ಳೋಣ. 5 ಕಿಲೋಗ್ರಾಂ ತೂಕವೆಂದರೆ ಸುಮಾರು 49 ನ್ಯೂಟನ್ ಬಲ. ಇದನ್ನು 0.2 ಮೀಟರಿನಿಂದ ಗುಣಿಸಿದರೆ 9.8, ಅಂದರೆ ಸುಮಾರು 10 ನ್ಯೂಟನ್-ಮೀಟರ್ ದೊರೆಯುತ್ತದೆ. ಭೌತವಿಜ್ಞಾನದಲ್ಲಿ ಟಾರ್ಕ್ ಎಂದು ಕರೆಯುವ ತಿರುಗಿಸುವ ಬಲ ಇದೇ.

ಸಾಮರ್ಥ್ಯವನ್ನು ತಿಳಿಯಬೇಕಾದರೆ ಈ ಬಲವನ್ನು ತಿರುಗುವ ವೇಗದಿಂದ ಗುಣಿಸಬೇಕು. ನಿಮಿಷಕ್ಕೆ 50 ಸುತ್ತಿನಂತೆ ಬೀಸಿದರೆ ವೇಗವು ಸೆಕೆಂಡಿಗೆ 5.2 ರೇಡಿಯನ್, ಸಾಮರ್ಥ್ಯವು ಸುಮಾರು 52 ವಾಟ್. ದೃಢಕಾಯನಾದ ಮನುಷ್ಯನು ಬಹಳ ಹೊತ್ತು ಸತತವಾಗಿ ಒದಗಿಸಬಲ್ಲ ಸಾಮರ್ಥ್ಯವು ಸುಮಾರು 75 ವಾಟ್, ಎಂದರೆ ಅಶ್ವಶಕ್ತಿಯ ಹತ್ತನೆಯ ಒಂದು ಪಾಲು. ಇಡೀ ಮೈ ದುಡಿದರೆ ಒದಗುವ ಶಕ್ತಿಯ ಮೂರರಲ್ಲೆರಡು ಪಾಲನ್ನು ಬೀಸುವವಳು ತನ್ನ ತೋಳು ಹೆಗಲುಗಳಿಂದಲೇ ಕೊಡಬೇಕಾಗಿತ್ತು! ರಟ್ಟೆ ಸೋಲುವುದರಲ್ಲಿ ಆಶ್ಚರ್ಯವೇನು?

ದೊಡ್ಡ ಮೋಟಾರಿನ ಭ್ರಮೆ

ಮೋಟಾರು ಕೊಳ್ಳಲು ಹೊರಡುವವರು ಸಾಮಾನ್ಯವಾಗಿ ‘ಎಷ್ಟು ಅಶ್ವಶಕ್ತಿಯದು?’ ಎಂದು ಮೊದಲು ಕೇಳುತ್ತಾರೆ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ‘ಎಷ್ಟು ಸುತ್ತು ತಿರುಗುವುದು?’ ಎಂಬುದು.

ನಮ್ಮ ಮನೆಗಳ ವಿದ್ಯುತ್ ಪ್ರವಾಹವು ಸೆಕೆಂಡಿಗೆ 50 ಆವರ್ತಗಳದು. ನಾಲ್ಕು ಧ್ರುವಗಳುಳ್ಳ ಇಂಡಕ್ಷನ್ ಮೋಟಾರಿನಲ್ಲಿ ಈ ಪ್ರವಾಹದಿಂದ ಹುಟ್ಟುವ ಕಾಂತಕ್ಷೇತ್ರವು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಒಳಗಿನ ತಿರುಗುಭಾಗವು ಅದಕ್ಕಿಂತ ತುಸು ಹಿಂದುಳಿದು, ಪೂರ್ಣಭಾರದಲ್ಲಿ ಸುಮಾರು 1440 ಸುತ್ತು ತಿರುಗುತ್ತದೆ. ಕಾಲು ಅಶ್ವಶಕ್ತಿಯ ಮೋಟಾರನ್ನು ತೆಗೆದುಕೊಂಡರೆ ಅದರ ಸಾಮರ್ಥ್ಯ 186 ವಾಟ್. ವೇಗ ಸೆಕೆಂಡಿಗೆ 151 ರೇಡಿಯನ್. ಭಾಗಿಸಿದಾಗ ಅದರ ತಿರುಗಿಸುವ ಬಲವು 1.23 ನ್ಯೂಟನ್-ಮೀಟರ್ ಎಂದು ತಿಳಿಯುತ್ತದೆ. ನಮ್ಮ ಗಿರಣಿಗೆ ಬೇಕಾದುದು 10. ಮೋಟಾರಿನ ದಂಡಕ್ಕೆ ಗಿರಣಿಯನ್ನು ನೇರವಾಗಿ ಕಟ್ಟಿದರೆ, ಬೇಕಾದುದರಲ್ಲಿ ಎಂಟನೆಯ ಒಂದು ಪಾಲು ಮಾತ್ರ ದೊರೆಯುವುದು. ಕಾಳು ಬಿದ್ದೊಡನೆ ಮೋಟಾರು ನಿಲ್ಲುವುದು. ನಿಂತ ಮೋಟಾರು ಸುಮ್ಮನಿರುವುದಿಲ್ಲ. ಅದು ವಾಡಿಕೆಯ ಹಲವು ಪಟ್ಟು ಪ್ರವಾಹವನ್ನು ಸೆಳೆದು, ಒಳಗಿನ ತಂತಿಯ ಸುರುಳಿಗಳನ್ನು ಕಾಯಿಸಿ, ಸ್ವಲ್ಪ ಹೊತ್ತಿನಲ್ಲಿ ಸುಟ್ಟುಹೋಗಬಹುದು. ಅಗ್ಗವೆಂದು ತಂದ ಮೋಟಾರು ಒಂದೇ ದಿನದಲ್ಲಿ ಗುಜರಿಗೆ ಹೋಗುವುದು ಹೀಗೆ.

ಹಾಗಾದರೆ ದೊಡ್ಡ ಮೋಟಾರನ್ನೇ ತಂದರೆ? ಅದೇ ವೇಗದಲ್ಲಿ 10 ನ್ಯೂಟನ್-ಮೀಟರ್ ಕೊಡಬೇಕಾದರೆ 1510 ವಾಟ್, ಅಂದರೆ 2 ಅಶ್ವಶಕ್ತಿ ಬೇಕಾಗುವುದು. ಹಣವೂ ಹೋಯಿತು, ಕೆಲಸವೂ ಕೆಟ್ಟಿತು. ಏಕೆಂದರೆ ನಿಮಿಷಕ್ಕೆ 1440 ಸುತ್ತು ತಿರುಗುವ ತಟ್ಟೆಗಳ ನಡುವೆ ಜೋಳವು ನುಚ್ಚಾಗದೆ ಪುಡಿಯಾಗುತ್ತದೆ. ಆ ಪುಡಿಯೂ ಕಾಯುತ್ತದೆ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಅದರ ಹಿಟ್ಟು ಬಹುಕಾಲ ಇಟ್ಟರೆ ಕಹಿಯಾಗುವುದುಂಟು. ಬಿಸಿಯು ಈ ಕೇಡನ್ನು ತ್ವರೆಗೊಳಿಸುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಮನೆಯಲ್ಲೇ ಬೀರು ತಯಾರಿಸುವ ಹವ್ಯಾಸಿಗಳಿಗೂ ಇದೇ ಸಮಸ್ಯೆ. ಅವರು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಎರಡು ಉರುಳೆಗಳ ನಡುವೆ ಒಡೆಯುತ್ತಾರೆ. ಒಳಗಿನ ತಿರುಳು ಒಡೆಯಬೇಕು, ಮೇಲಿನ ಹೊಟ್ಟು ಮಾತ್ರ ಚೂರಾಗಬಾರದು. ಮುಂದೆ ರಸವನ್ನು ಸೋಸುವಾಗ ಆ ಹೊಟ್ಟೇ ಜರಡಿಯಾಗಿ ಕೆಲಸಮಾಡುತ್ತದೆ. ಅವರೂ ಉರುಳೆಗಳಿಗೆ ಮೋಟಾರನ್ನು ಜೋಡಿಸುವಾಗ ವೇಗವನ್ನು ತಗ್ಗಿಸುವುದಕ್ಕೇ ಹೆಚ್ಚು ಶ್ರಮಪಡುತ್ತಾರೆ. ಕಾಳು ಯಾವುದಾದರೇನು, ಒಡೆಯುವ ಕೆಲಸಕ್ಕೆ ನಿಧಾನವೇ ಪ್ರಧಾನ.

ಸೈಕಲ್ಲಿನ ಚಕ್ರವೇ ಮಹಾಯಂತ್ರ

ವೇಗವನ್ನು ಎಷ್ಟು ಪಟ್ಟು ತಗ್ಗಿಸುತ್ತೇವೆಯೋ ತಿರುಗಿಸುವ ಬಲವು ಅಷ್ಟು ಪಟ್ಟು ಹೆಚ್ಚುತ್ತದೆ. ಘರ್ಷಣೆಯ ನಷ್ಟವನ್ನು ಮಾತ್ರ ಕಳೆಯಬೇಕು. ಸನ್ನೆಗೋಲಿನ ನಿಯಮವೇ ಇಲ್ಲಿ ದುಂಡಗೆ ಸುತ್ತುತ್ತಿದೆ ಎನ್ನಬಹುದು. ಈ ಕೆಲಸಕ್ಕೆ ಬೆಲೆಬಾಳುವ ಹಲ್ಲುಗಾಲಿಯ ಪೆಟ್ಟಿಗೆ ಬೇಕಿಲ್ಲ. ಹಳೆಯ ಸೈಕಲ್ಲಿನ ಹಿಂದಿನ ಚಕ್ರವೇ ಸಾಕು.

ಚಕ್ರವನ್ನು ಅದರದೇ ಅಚ್ಚಿನ ಮೇಲೆ ಒಂದು ಗಟ್ಟಿ ಚೌಕಟ್ಟಿನಲ್ಲಿ ನಿಲ್ಲಿಸಬೇಕು. ಟೈರು ಟ್ಯೂಬುಗಳನ್ನು ತೆಗೆದರೆ ಅಂಚಿನಲ್ಲಿ ಒಂದು ತಗ್ಗು ಕಾಣುವುದು. ಬೆಲ್ಟು ಆ ತಗ್ಗಿನಲ್ಲಿ ಕೂಡುತ್ತದೆ. ಚಕ್ರದ ವ್ಯಾಸ ಸುಮಾರು 60 ಸೆಂಟಿಮೀಟರ್, ಮೋಟಾರಿನ ಪುಲ್ಲಿಯ ವ್ಯಾಸ 5 ಸೆಂಟಿಮೀಟರ್ ಆದರೆ ವೇಗವು 12 ಪಟ್ಟು ತಗ್ಗಿ, 1440 ಸುತ್ತು 120 ಆಗುವುದು. ಇದು ಮೊದಲನೆಯ ಹಂತ.

ಎರಡನೆಯ ಹಂತಕ್ಕೆ ಸೈಕಲ್ಲಿನ ಸರಪಳಿಯನ್ನೇ ಬಳಸೋಣ. ಚಕ್ರದ ನಡುವಿನ ಚಿಕ್ಕ ಹಲ್ಲುಗಾಲಿಗೆ 18 ಹಲ್ಲುಗಳಿದ್ದು, ಪೆಡಲಿನ ದೊಡ್ಡ ಹಲ್ಲುಗಾಲಿಗೆ 44 ಇದ್ದರೆ, ಆ ದೊಡ್ಡದನ್ನು ಗಿರಣಿಯ ಹಿಡಿಯ ಸ್ಥಳದಲ್ಲಿ ಬಿಗಿಯಬೇಕು. ಆಗ ವೇಗವು ಮತ್ತೆ 2.44 ಪಟ್ಟು ತಗ್ಗಿ, ಗಿರಣಿಯು ನಿಮಿಷಕ್ಕೆ 49 ಸುತ್ತು ತಿರುಗುವುದು. ಕೈಯಿಂದ ಬೀಸುವ ವೇಗವೂ ಹೆಚ್ಚುಕಡಿಮೆ ಇಷ್ಟೇ.

ಈಗ ಬಲದ ಲೆಕ್ಕವನ್ನು ನೋಡಿರಿ. 1.23ನ್ನು 12ರಿಂದಲೂ 2.44ರಿಂದಲೂ ಗುಣಿಸಿದರೆ 36 ನ್ಯೂಟನ್-ಮೀಟರ್ ಬರುವುದು. ಬೆಲ್ಟು, ಸರಪಳಿ, ಅಚ್ಚುಗಳ ಘರ್ಷಣೆಗಾಗಿ ಕಾಲುಭಾಗವನ್ನು ಕಳೆದರೂ 27 ಉಳಿಯುತ್ತದೆ. ಬೇಕಾದುದು 10, ದೊರೆತದ್ದು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ನೇರವಾಗಿ ಕಟ್ಟಿದಾಗ 2 ಅಶ್ವಶಕ್ತಿಯನ್ನು ಬೇಡಿದ ಗಿರಣಿಗೆ ಈಗ ಕಾಲು ಅಶ್ವಶಕ್ತಿ ಧಾರಾಳವಾಗಿ ಸಾಕಾಯಿತು. ಮೋಟಾರು 200 ವಾಟ್ ಸೆಳೆಯಿತೆಂದು ಇಟ್ಟುಕೊಂಡರೂ, ಒಂದು ಗಂಟೆಯ ಕೆಲಸಕ್ಕೆ ತಗಲುವುದು ಯೂನಿಟ್ಟಿನ ಐದನೆಯ ಒಂದು ಪಾಲು.

ಜೋಡಣೆಯ ಸೂಕ್ಷ್ಮಗಳು

ಮೋಟಾರು: ಹಳೆಯ ಬಟ್ಟೆ ಒಗೆಯುವ ಯಂತ್ರದ ಮೋಟಾರೋ ರಿಪೇರಿ ಅಂಗಡಿಯ ಹಳೆಯ ಮೋಟಾರೋ ಆಗಬಹುದು. ಆದರೆ ಅದರ ಮೈಮೇಲಿನ ಫಲಕದಲ್ಲಿ ವೋಲ್ಟ್, ಅಶ್ವಶಕ್ತಿ ಮತ್ತು ಸುತ್ತುಗಳನ್ನು ಓದದೆ ಕೊಳ್ಳಬಾರದು. ನೀರೆತ್ತುವ ಪಂಪಿನ ಮೋಟಾರುಗಳು ಅನೇಕವಾಗಿ 2800 ಸುತ್ತಿಗೂ ಮೀರಿ ತಿರುಗುತ್ತವೆ. ಮಿಕ್ಸರಿನ ಮೋಟಾರಿನ ವೇಗವಂತೂ ಅದಕ್ಕಿಂತ ಬಹಳ ಹೆಚ್ಚು. ಇವು ನಮ್ಮ ಕೆಲಸಕ್ಕೆ ಒದಗವು.

ಅಂತರ: ದೊಡ್ಡ ಚಕ್ರವು ಚಿಕ್ಕ ಪುಲ್ಲಿಗೆ ತೀರ ಹತ್ತಿರವಿದ್ದರೆ ಬೆಲ್ಟು ಪುಲ್ಲಿಯನ್ನು ಸ್ವಲ್ಪವೇ ಅಪ್ಪಿಕೊಂಡು ಜಾರುತ್ತದೆ. ನಮ್ಮ ಅಳತೆಗಳಲ್ಲಿ ಎರಡರ ಕೇಂದ್ರಗಳ ನಡುವೆ 60 ಸೆಂಟಿಮೀಟರ್ ಅಂತರವಿದ್ದರೆ ಅಪ್ಪುಗೆಯು 125 ಡಿಗ್ರಿ. 90 ಸೆಂಟಿಮೀಟರಿದ್ದರೆ 144 ಡಿಗ್ರಿ. ಮೋಟಾರಿನ ಪೀಠದಲ್ಲಿ ಉದ್ದನೆಯ ತೂತುಗಳನ್ನು ಕೊರೆದರೆ ಅದನ್ನು ಹಿಂದೆ ಮುಂದೆ ಸರಿಸಿ ಬೆಲ್ಟನ್ನು ಬಿಗಿಗೊಳಿಸಬಹುದು. ಅತಿಯಾದ ಬಿಗಿ ಬೇಡ. ಕಾಳಿನಲ್ಲಿ ಕಲ್ಲು ಸೇರಿ ಗಿರಣಿಯು ಕಚ್ಚಿಕೊಂಡಾಗ ಬೆಲ್ಟು ಜಾರುವುದೇ ಮೋಟಾರಿಗೆ ರಕ್ಷೆ.

ದಿಕ್ಕು: ಸೈಕಲ್ಲಿನ ಫ್ರೀವೀಲು ಒಂದೇ ದಿಕ್ಕಿಗೆ ಬಲವನ್ನು ಸಾಗಿಸುತ್ತದೆ. ಮೊದಲು ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿರಿ. ಚಕ್ರ ಸುತ್ತಿಯೂ ಸರಪಳಿ ಅಲುಗದಿದ್ದರೆ ಚಕ್ರದ ಮಗ್ಗುಲನ್ನು ಬದಲಿಸಿ ಕೂಡಿಸಬೇಕು. ಪುಲ್ಲಿ, ಚಕ್ರ, ಗಿರಣಿ ಮೂರೂ ಒಂದೇ ದಿಕ್ಕಿಗೆ ತಿರುಗುವುದರಿಂದ, ಗಿರಣಿಗೆ ಯಾವ ದಿಕ್ಕು ಬೇಕೆಂಬುದನ್ನು ನೋಡಿ ಮೋಟಾರನ್ನು ಇಡಬೇಕು.

ನಡೆಸುವ ಕ್ರಮ: ಗಿರಣಿಯನ್ನು ಬರಿದಾಗಿ ಚಾಲೂ ಮಾಡಿ, ವೇಗ ಬಂದ ಬಳಿಕವೇ ಕಾಳನ್ನು ಬಿಡಬೇಕು. ನಿಲ್ಲಿಸುವ ಮೊದಲು ಒಳಗಿನ ಕಾಳೆಲ್ಲವೂ ಹೊರಬೀಳಲಿ. ಒಳಗೆ ಕಾಳಿರುವಾಗ ಮತ್ತೆ ಚಾಲೂ ಮಾಡುವುದು ಮೋಟಾರಿಗೆ ಅತಿ ಕಷ್ಟದ ಗಳಿಗೆ.

ಉಳಿತಾಯ ಸಲ್ಲದ ಸ್ಥಳ

ಚಕ್ರ ಹಳೆಯದಾಗಲಿ, ಸರಪಳಿ ಹಳೆಯದಾಗಲಿ, ಚೌಕಟ್ಟಿಗೆ ಮುರಿದ ಮಂಚದ ಕಟ್ಟಿಗೆಯಾಗಲಿ, ಬಾಧಕವಿಲ್ಲ. ಆದರೆ ಮೂರು ವಸ್ತುಗಳಲ್ಲಿ ಜಿಪುಣತನವು ಸಲ್ಲದು. ಮೊದಲನೆಯದು ವಿದ್ಯುತ್ತಿನ ತಂತಿ. ಹೊಸದಾದ ಮೂರೆಳೆಯ ತಂತಿಯನ್ನೇ ತಂದು, ಮೂರನೆಯ ಎಳೆಯನ್ನು ಮೋಟಾರಿನ ಲೋಹದ ಮೈಗೂ ಕಬ್ಬಿಣದ ಚೌಕಟ್ಟಿಗೂ ಬಿಗಿದು, ಭೂಸಂಪರ್ಕವುಳ್ಳ ಮೂರು ಕಡ್ಡಿಯ ಪ್ಲಗ್ಗಿಗೆ ಜೋಡಿಸಬೇಕು. ತಂತಿಯ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಮಾಡಿಸುವುದು ಶ್ರೇಯಸ್ಕರ. ಎರಡನೆಯದು ಸ್ವಿಚ್ಚು. ಕಾಳು ಹಾಕುವವರು ನಿಂತಲ್ಲಿಂದಲೇ ಕೈಗೆಟುಕುವಂತೆ ಅದಿರಬೇಕು. ಮೂರನೆಯದು ಮುಚ್ಚಿಗೆ. ಬೆಲ್ಟು, ಚಕ್ರದ ಕಡ್ಡಿಗಳು, ಸರಪಳಿ ಇವುಗಳನ್ನು ಹಲಗೆಯಿಂದಾಗಲಿ ತಗಡಿನಿಂದಾಗಲಿ ಪೂರ್ತಿಯಾಗಿ ಮುಚ್ಚಬೇಕು.

ಕೈಯಿಂದ ಬೀಸುವಾಗ ಬೆರಳು ಸಿಕ್ಕಿದರೆ ಕೈ ತಾನಾಗಿ ನಿಲ್ಲುತ್ತದೆ. ಮೋಟಾರಿಗೆ ಆ ಕರುಣೆಯಿಲ್ಲ. 27 ನ್ಯೂಟನ್-ಮೀಟರ್ ಬಲವು ಜೋಳವೆಂದೂ ಬೆರಳೆಂದೂ ಭೇದ ಮಾಡದು. ಸೀರೆಯ ಸೆರಗು, ಬಿಚ್ಚಿದ ಜಡೆ, ಸಡಿಲಾದ ತೋಳಿನ ಅಂಗಿ ಇವು ಚಕ್ರದ ಬಳಿ ಸುಳಿಯಬಾರದು. ಕಾಳು ಸಿಕ್ಕಿಕೊಂಡರೆ ಪ್ಲಗ್ಗನ್ನು ಕಿತ್ತ ಮೇಲೆಯೇ ಕೈಹಾಕಬೇಕು. ಮೋಟಾರಿಗೆ ಕೆಪ್ಯಾಸಿಟರ್ ಇದ್ದರೆ, ಪ್ಲಗ್ಗು ಕಿತ್ತ ನಂತರವೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದೆಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳಿಗೆ ಅಭ್ಯಾಸ

ಈ ಪಾಠವನ್ನು ಓದಿದವರು ಮೋಟಾರನ್ನು ಕೊಳ್ಳುವ ಮೊದಲು ಮೂರು ಅಳತೆಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ. ಒಂದು, ತಮ್ಮ ಮನೆಯ ಬೀಸುವ ಕಲ್ಲು ಅಥವಾ ಕೈಗಿರಣಿಯ ತಿರುಗಿಸುವ ಬಲ. ಎರಡು, ಮನೆಯವರು ಬೀಸುವಾಗ ನಿಮಿಷಕ್ಕಾಗುವ ಸುತ್ತುಗಳು. ಮೂರು, ಒಂದು ಸೇರು ಜೋಳ ನುಚ್ಚಾಗುವುದಕ್ಕೆ ಹಿಡಿಯುವ ಕಾಲ. ಜೋಳಕ್ಕೂ ತೊಗರಿಗೂ ಬೇಕಾಗುವ ಬಲವನ್ನು ಹೋಲಿಸಿ ನೋಡಿದರೆ ಇನ್ನೂ ಸ್ವಾರಸ್ಯವಿದೆ. ಬಳಿಕ ತಮ್ಮ ಅಂಕಿಗಳನ್ನು ಮೇಲಿನ ಲೆಕ್ಕದಲ್ಲಿಟ್ಟು, ಎಷ್ಟು ಅಶ್ವಶಕ್ತಿ ಬೇಕು, ಎಷ್ಟು ಪಟ್ಟು ವೇಗ ತಗ್ಗಬೇಕು ಎಂಬುದನ್ನು ತಾವೇ ಕಂಡುಕೊಳ್ಳಲಿ. ಹತ್ತು ನಿಮಿಷದ ಅಳತೆಯು ಒಂದು ಮೋಟಾರಿನ ಬೆಲೆಯನ್ನು ಉಳಿಸಬಲ್ಲದು. ಅದಕ್ಕಿಂತಲೂ ಹೆಚ್ಚಾಗಿ, ಮನೆಯಲ್ಲಿ ಬೀಸುವವರ ತೋಳಿನ ಭಾರವೆಷ್ಟೆಂಬುದನ್ನು ನಮಗೆ ಅಂಕಿಯಲ್ಲಿ ತೋರಿಸಿಕೊಡಬಲ್ಲದು.