‘ರೊಮೆರೊ’ ಚಿತ್ರವನ್ನು ಮೊದಲ ಸಲ ನೋಡುವವರಿಗೆ

ಮಡಿವಾಳದಲ್ಲಿ ಪಿಜಿ ಹಿಡಿದಿರುವ ಹುಡುಗ ಹುಡುಗಿಯರಿಗೆ ಕ್ಯಾಥೋಲಿಕ್ ಧರ್ಮಸಭೆ ಅಂದರೆ ಪಕ್ಕದ ಸೇಂಟ್ ಜಾನ್ಸ್ ಆಸ್ಪತ್ರೆ, ಇಲ್ಲವೇ ಹೊಸೂರು ರಸ್ತೆಯ ಕ್ರೈಸ್ಟ್ ವಿಶ್ವವಿದ್ಯಾಲಯ. ಕಾಯಿಲೆಗೆ ಮದ್ದು, ಓದಿಗೆ ಸೀಟು. ಅದರಾಚೆಗಿನ ಗೊಡವೆ ಹೆಚ್ಚಿನವರಿಗಿಲ್ಲ. ಅಂಥವರು ‘ರೊಮೆರೊ’ ನೋಡಲು ಕೂತರೆ ಮೊದಲರ್ಧ ಗಂಟೆ ತಬ್ಬಿಬ್ಬಾಗುತ್ತಾರೆ. ಬಿಷಪ್ಪರಿಗೂ ಮಿಲಿಟರಿಗೂ ಏನು ಜಗಳ? ಪಾದ್ರಿಗಳಿಗೇಕೆ ಕೂಲಿಯವರ ಉಸಾಬರಿ? ಚಿತ್ರ ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ಸ್ವಲ್ಪ ಹಿನ್ನೆಲೆ.

ಕತೆ ನಡೆಯುವುದು ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ. ಸುಮಾರು 21,000 ಚದರ ಕಿಲೋಮೀಟರಿನ ದೇಶ. ನಮ್ಮ ಬೆಳಗಾವಿ, ತುಮಕೂರು ಜಿಲ್ಲೆಗಳನ್ನು ಕೂಡಿಸಿದರೆ ಅದಕ್ಕಿಂತ ದೊಡ್ಡದಾಗುತ್ತದೆ. ಆಗ ಅಲ್ಲಿನ ಸಂಪತ್ತು ಕಾಫಿ. ಕಾಫಿ ತೋಟಗಳು ಬೆರಳೆಣಿಕೆಯ ಮನೆತನಗಳ ಕೈಯಲ್ಲಿ. ದುಡಿಯುವವರಿಗೆ ತುಂಡು ನೆಲವೂ ಇರಲಿಲ್ಲ. ಸಂಘ ಕಟ್ಟಿದವರನ್ನು, ಕೂಲಿ ಹೆಚ್ಚಿಸಿ ಎಂದವರನ್ನು ಸೈನ್ಯವೂ ಖಾಸಗಿ ಕೊಲೆಪಡೆಗಳೂ ರಾತ್ರೋರಾತ್ರಿ ಎತ್ತಿಕೊಂಡು ಹೋಗುತ್ತಿದ್ದವು.

ಇಂಥ ಹೊತ್ತಿನಲ್ಲಿ, 1977ರ ಫೆಬ್ರವರಿಯಲ್ಲಿ, ಆಸ್ಕರ್ ರೊಮೆರೊ ರಾಜಧಾನಿ ಸಾನ್ ಸಾಲ್ವಡಾರ್‌ನ ಮಹಾಧರ್ಮಾಧ್ಯಕ್ಷರಾದರು (ಆರ್ಚ್‌ಬಿಷಪ್). ಪುಸ್ತಕದ ಹುಳು, ಸಂಕೋಚದ ಸ್ವಭಾವ, ಯಾರೊಂದಿಗೂ ಮನಸ್ತಾಪ ಬೇಡವೆನ್ನುವ ಮನುಷ್ಯ. ಈ ಆಯ್ಕೆಯಿಂದ ಸಿರಿವಂತರಿಗೆ ನೆಮ್ಮದಿ, ಬಡವರ ನಡುವೆ ಕೆಲಸ ಮಾಡುತ್ತಿದ್ದ ಪಾದ್ರಿಗಳಿಗೆ ನಿರಾಸೆ. ಇದನ್ನು ನೆನಪಿಟ್ಟುಕೊಂಡೇ ಚಿತ್ರ ನೋಡಿ. ನಾಯಕ ಬರುವ ಮೊದಲೇ ಸಿಳ್ಳೆ ಹೊಡೆದು ರೂಢಿಯಾದ ನಮಗೆ, ಕನ್ನಡಕ ಸರಿಪಡಿಸಿಕೊಳ್ಳುತ್ತ ತಡವರಿಸುವ ಈ ನಾಯಕ ಸಪ್ಪೆ ಅನ್ನಿಸಬಹುದು. ನನ್ನ ಮಟ್ಟಿಗೆ ಚಿತ್ರದ ಶಕ್ತಿಯೇ ಆ ತಡವರಿಕೆ. ಪೋರ್ಟೊ ರಿಕೋ ಮೂಲದ ನಟ ರೌಲ್ ಜೂಲಿಯಾ ಅದನ್ನು ದನಿಗಿಂತ ಹೆಚ್ಚಾಗಿ ಭುಜದಲ್ಲಿ, ನಡಿಗೆಯಲ್ಲಿ ತೋರಿಸುತ್ತಾರೆ.

ಅಧಿಕಾರಕ್ಕೆ ಬಂದು ತಿಂಗಳು ತುಂಬುವ ಮೊದಲೇ, ಮಾರ್ಚ್ 12ರಂದು, ಅವರ ಗೆಳೆಯ ರುತಿಲಿಯೊ ಗ್ರಾಂದೆ ಕೊಲೆಯಾದರು. ಯೇಸುಸಭೆಯ (ಜೆಸ್ಯೂಟ್) ಈ ಪಾದ್ರಿ ಅಗಿಲಾರೆಸ್ ಎಂಬ ಕಬ್ಬಿನ ಸೀಮೆಯಲ್ಲಿ ರೈತಕೂಲಿಗಳ ಜೊತೆಗಿದ್ದವರು. ವಾಹನದಲ್ಲಿ ಜೊತೆಗಿದ್ದ ಒಬ್ಬ ಮುದುಕ, ಒಬ್ಬ ಹುಡುಗ ಕೂಡ ಸತ್ತರು. ಮುಂದಿನ ಭಾನುವಾರ ರೊಮೆರೊ ಇಡೀ ಮಹಾಧರ್ಮಪ್ರಾಂತ್ಯದ ಬಲಿಪೂಜೆಗಳನ್ನು (ಮಾಸ್) ನಿಲ್ಲಿಸಿ, ಪ್ರಧಾನಾಲಯದಲ್ಲಿ ಒಂದೇ ಪೂಜೆ ಎಂದರು. ಹೊರಗಿನವರಿಗೆ ಇದು ಸಣ್ಣ ಸಂಗತಿ ಅನ್ನಿಸೀತು. ಆದರೆ ಭಾನುವಾರದ ಪೂಜೆ ಕ್ಯಾಥೋಲಿಕರಿಗೆ ತಪ್ಪಿಸಬಾರದ ಕರ್ತವ್ಯ. ಊರೂರಿನ ಪೂಜೆ ನಿಲ್ಲಿಸಿದರೆ ಬಡವನೂ ಜಮೀನ್ದಾರನೂ ಒಂದೇ ಅಂಗಳಕ್ಕೆ ಬರಬೇಕು. ಬಿಷಪ್ಪರ ಬಳಿ ಬಂದೂಕಿಲ್ಲ, ಇಂಥ ತೀರ್ಮಾನ ಮಾಡುವ ಅಧಿಕಾರವಿದೆ. ಮತ್ತೊಂದು ಬಲ ರೇಡಿಯೊ. ಆ ವಾರ ಕಾಣೆಯಾದವರ, ಕೊಲೆಯಾದವರ ಹೆಸರುಗಳನ್ನು ಅವರು ಭಾನುವಾರದ ಪ್ರಬೋಧನೆಯಲ್ಲಿ ಓದುತ್ತಿದ್ದರು. ದೇಶ ಕಿವಿಗೊಟ್ಟು ಕೇಳುತ್ತಿತ್ತು.

ಒಂದು ದೃಶ್ಯವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಸೈನಿಕರು ಅಗಿಲಾರೆಸ್‌ನ ಚರ್ಚನ್ನೇ ಠಾಣೆ ಮಾಡಿಕೊಂಡಿದ್ದಾರೆ. ಕ್ಯಾಥೋಲಿಕರು ಕ್ರಿಸ್ತನ ಶರೀರವೆಂದು ನಂಬುವ ಪರಮಪ್ರಸಾದವನ್ನು ತರಲು ಒಳಹೋದ ರೊಮೆರೊ ಎದುರೇ ಗುಂಡು ಹಾರಿಸುತ್ತಾರೆ. ಅವರು ಹೆದರಿ ಹೊರಬರುತ್ತಾರೆ. ಮತ್ತೆ ಒಳಹೋಗಿ, ನೆಲಕ್ಕೆ ಬಿದ್ದ ಅಪ್ಪದ ಬಿಲ್ಲೆಗಳನ್ನು ಒಂದೊಂದಾಗಿ ಆರಿಸುತ್ತಾರೆ. ಆಮೇಲೆ ಪೂಜಾವಸ್ತ್ರ ತೊಟ್ಟು, ಊರಿನವರನ್ನು ಕರೆದುಕೊಂಡೇ ನುಗ್ಗುತ್ತಾರೆ. ಇಡೀ ಚಿತ್ರದ ಕತೆ ಇಷ್ಟೇ: ಹೆದರುವುದು, ಹಿಂದೆ ಸರಿಯುವುದು, ತಿರುಗಿ ಹೋಗುವುದು.

ಒಂದೆರಡು ಎಚ್ಚರಿಕೆಗಳೂ ಬೇಕು. ಆಸ್ಟ್ರೇಲಿಯಾದ ಜಾನ್ ಡೈಗನ್ ನಿರ್ದೇಶಿಸಿದ ಈ ಚಿತ್ರವನ್ನು ನಿರ್ಮಿಸಿದ್ದು ಅಮೆರಿಕದ ಪಾಲಿಸ್ಟ್ ಸಭೆಯ ಪಾದ್ರಿಗಳು. ತನ್ನ ಮಗುವಿನ ದೀಕ್ಷಾಸ್ನಾನ ಬಡವರ ಮಕ್ಕಳ ಜೊತೆ ಬೇಡವೆನ್ನುವ ಶ್ರೀಮಂತ ಗೆಳತಿ ಕಲ್ಪಿತ ಪಾತ್ರ. ತೆರೆಯ ಮೇಲೆ ರೊಮೆರೊ ಅವರಿಗೆ ಗುಂಡು ಬೀಳುವುದು ಪೂಜೆಯಲ್ಲಿ ಪಾನಪಾತ್ರೆ ಎತ್ತಿ ಹಿಡಿದಾಗ. ನಿಜದಲ್ಲಿ, 1980ರ ಮಾರ್ಚ್ 24ರ ಸಂಜೆ, ಕ್ಯಾನ್ಸರ್ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ಪ್ರಬೋಧನೆ ಮುಗಿಸುತ್ತಿದ್ದ ಹೊತ್ತಿನಲ್ಲಿ. ಹಿಂದಿನ ದಿನವಷ್ಟೇ ಅವರು ಸೈನಿಕರಿಗೆ, ಕೊಲ್ಲು ಎಂಬ ಆಜ್ಞೆಯನ್ನು ಪಾಲಿಸಬೇಕಿಲ್ಲವೆಂದು ಹೇಳಿದ್ದರು. ಅಮೆರಿಕ ಆ ಸೈನ್ಯಕ್ಕೆ ಕೊಡುತ್ತಿದ್ದ ನೆರವಿನ ವಿಷಯದಲ್ಲಿ ಚಿತ್ರ ನನಗೆ ತುಸು ಮೆತ್ತಗೆ ಕಾಣುತ್ತದೆ. ಇನ್ನೊಂದು, ಇದನ್ನು ಅಂತರ್ಯುದ್ಧದ ಚಿತ್ರ ಎನ್ನುತ್ತಾರಾದರೂ ಪೂರ್ಣಪ್ರಮಾಣದ ಯುದ್ಧ ಶುರುವಾದದ್ದೇ ಅವರ ಸಾವಿನ ನಂತರ. ಅದು 1992ರವರೆಗೆ ನಡೆದು ಸುಮಾರು 75,000 ಜನರನ್ನು ಬಲಿ ತೆಗೆದುಕೊಂಡಿತು.

ಇದಕ್ಕೂ ಬೆಂಗಳೂರಿಗೂ ನಂಟಿಲ್ಲ ಎನ್ನುವಂತಿಲ್ಲ. ಗ್ರಾಂದೆ ಅವರ ಯೇಸುಸಭೆ ರೋಮ್‌ನಲ್ಲಿ ಸೇರಿ, 1975ರಲ್ಲಿ, ನ್ಯಾಯಕ್ಕಾಗಿ ದುಡಿಯದೆ ವಿಶ್ವಾಸದ ಸೇವೆಯಿಲ್ಲ ಎಂಬ ನಿರ್ಣಯ ಮಾಡಿತು. ಅದೇ ವರ್ಷ ಅದೇ ಸಭೆಯ ಸ್ಟ್ಯಾನ್ ಸ್ವಾಮಿ ನಮ್ಮ ಬೆನ್ಸನ್ ಟೌನಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿ, 1986ರವರೆಗೆ ಆ ಹುದ್ದೆಯಲ್ಲಿದ್ದರು; ಆಮೇಲೆ ಜಾರ್ಖಂಡ್‌ನ ಆದಿವಾಸಿಗಳ ನೆಲದ ಹಕ್ಕಿನ ಕೆಲಸಕ್ಕೆ ಹೋದರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಬಂಧಿತರಾಗಿ, ಮಾವೋವಾದಿ ನಂಟಿನ ಆರೋಪಗಳನ್ನು ಅಲ್ಲಗಳೆಯುತ್ತಲೇ, ಜಾಮೀನು ಸಿಗದೆ 2021ರ ಜುಲೈ 5ರಂದು ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಬಿಷಪ್ಪರಲ್ಲ, ಇಲ್ಲಿ ಗುಂಡೂ ಹಾರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಆದರೆ ಪಾದ್ರಿಗಳಿಗೇಕೆ ಕೂಲಿಯವರ ಉಸಾಬರಿ ಎಂಬ ಮೊದಲಿನ ಪ್ರಶ್ನೆಗೆ ಉತ್ತರ ಹುಡುಕುವವರು 1975ರ ಆ ನಿರ್ಣಯವನ್ನು ಓದಬೇಕು.

ಚಿತ್ರ ಬಿಡುಗಡೆಯಾದದ್ದು 1989ರಲ್ಲಿ. ಅದೇ ವರ್ಷದ ನವೆಂಬರ್ 16ರಂದು ಸಾನ್ ಸಾಲ್ವಡಾರ್‌ನ ವಿಶ್ವವಿದ್ಯಾಲಯದ ಆವರಣದಲ್ಲಿ ಸೈನಿಕರು ಯೇಸುಸಭೆಯ ಆರು ಪಾದ್ರಿಗಳನ್ನು, ಅಡುಗೆಯಾಕೆಯನ್ನು, ಆಕೆಯ ಮಗಳನ್ನು ಕೊಂದರು. ರೊಮೆರೊ ಅವರನ್ನು ಕೊಲ್ಲಿಸಿದ್ದು ರೊಬೆರ್ತೊ ದಾಬ್ಯುಸೋನ್ ಎಂಬ ಮಾಜಿ ಮೇಜರ್ ಎಂದು ವಿಶ್ವಸಂಸ್ಥೆಯ ಸತ್ಯ ಆಯೋಗ 1993ರಲ್ಲಿ ಹೇಳಿತು. ಅಷ್ಟರಲ್ಲಿ ಆತ ಸತ್ತಾಗಿತ್ತು. ಪೋಪ್ ಫ್ರಾನ್ಸಿಸ್ 2018ರ ಅಕ್ಟೋಬರ್ 14ರಂದು ರೊಮೆರೊ ಅವರನ್ನು ಸಂತರೆಂದು ಸಾರಿದರು. ‘ರೊಮೆರೊ’ ನೋಡಿದ ಬೆನ್ನಿಗೇ ಆಲಿವರ್ ಸ್ಟೋನ್ ಅವರ 1986ರ ‘ಸಾಲ್ವಡಾರ್’ ನೋಡಿ. ಅಮೆರಿಕದ ಪಾತ್ರದ ಬಗ್ಗೆ ಆ ಚಿತ್ರಕ್ಕೆ ಇಷ್ಟು ದಾಕ್ಷಿಣ್ಯವಿಲ್ಲ.