ಕ್ಯಾಮೆರಾ ಕೆಟ್ಟಿದೆ ಅನ್ನುವ ಮೊದಲು

ಪಾಠದ ಉದ್ದೇಶ: ಮೊಬೈಲ್ ಕ್ಯಾಮೆರಾ ನಿಂತುಹೋದಾಗ ಗಾಬರಿಯಾಗದೆ, ಸಾಲ ಮಾಡಿ ಹೊಸ ಫೋನ್ ಕೊಳ್ಳುವ ಮೊದಲು, ದೋಷ ಎಲ್ಲಿದೆ ಎಂದು ನಾವೇ ಕ್ರಮವಾಗಿ ಪರೀಕ್ಷಿಸುವುದನ್ನು ಕಲಿಯುವುದು.



ಅಣ್ಣಿಗೇರಿ ಭಾಗದ ಒಂದು ಸ್ವಸಹಾಯ ಸಂಘದ ಸಭೆಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇವೆ. ಆಗಸ್ಟ್ ತಿಂಗಳು. ಎರೆ ಹೊಲದಲ್ಲಿ ಹೆಸರು ಕಾಯಿ ಬಲಿತು ಬಿಡಿಸಲು ಬಂದಿತ್ತು. ಸದಸ್ಯೆಯೊಬ್ಬರು ಎದ್ದು ನಿಂತು, "ಸಿಸ್ಟರ್, ನನ್ನ ಫೋನಿನ ಕ್ಯಾಮೆರಾ ಸತ್ತು ಹೋಗೇತ್ರಿ. ಬೆಳೆ ಸಮೀಕ್ಷೆ ಫೋಟೋ ಬರವಲ್ದು. ಅಳಿಯಾ ಹೊಸಾದ ತಗೋರಿ ಅಂತಾನ. ಸಂಘದಾಗ ಹತ್ತು ಸಾವಿರ ಸಾಲಾ ಕೊಡ್ರಿ" ಅಂದರು.

ಅವರ ಅವಸರಕ್ಕೆ ಕಾರಣವಿತ್ತು. ನಮ್ಮ ರಾಜ್ಯದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲದಲ್ಲಿ ನಿಂತು, ಮೊಬೈಲ್ ಆ್ಯಪ್‌ನಲ್ಲಿ ಬೆಳೆಯ ಫೋಟೋ ತೆಗೆದು ಕಳಿಸುವ ವ್ಯವಸ್ಥೆ ಬಂತು. ಬೆಳೆ ವಿಮೆ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿ, ಇವುಗಳಿಗೆಲ್ಲ ಈ ಸಮೀಕ್ಷೆಯ ಮಾಹಿತಿಯನ್ನು ನೋಡುತ್ತಾರೆ. ಹೆಸರು ಎರಡು-ಎರಡೂವರೆ ತಿಂಗಳ ಬೆಳೆ. ಕಟಾವಾದ ಮೇಲೆ ಬರಿ ಹೊಲದ ಫೋಟೋ ತೆಗೆದು ಏನು ಪ್ರಯೋಜನ?

ಸಾಲದ ಮಾತು ಆಮೇಲೆ ಆಡೋಣ ಎಂದು ನಾವು ಫೋನ್ ಕೈಗೆ ತೆಗೆದುಕೊಂಡೆವು. ಫೋನಿನ ಸ್ವಂತ ಕ್ಯಾಮೆರಾ ಒತ್ತಿದರೆ ಸಭೆಯಲ್ಲಿ ಕುಳಿತವರೆಲ್ಲ ಚೆಂದಾಗಿ ಕಂಡರು! ಸಮೀಕ್ಷೆ ಆ್ಯಪ್‌ನಲ್ಲಿ ಮಾತ್ರ ಫೋಟೋ ಬರುತ್ತಿರಲಿಲ್ಲ. ಆ ಹಂಗಾಮಿಗೆ ಹೊಸದಾಗಿ ಹಾಕಿಸಿಕೊಂಡ ಆ್ಯಪ್ ಅದು. ಕ್ಯಾಮೆರಾ ಬಳಸಲು ಅನುಮತಿ ಕೇಳಿದಾಗ ಆ ಅಕ್ಕ ಎರಡು ಸಲವೂ ಬೇಡ ಎಂದು ಒತ್ತಿದ್ದರು.

"ಬ್ಯಾಡ ಅಂತ ಯಾಕ ಒತ್ತಿದ್ರಿ ಅಕ್ಕಾರ?"

"ನೀವ ಹೇಳಿದ್ರಲ್ರಿ ಸಿಸ್ಟರ್, ಫೋನ್ ಏನರೆ ಕೇಳಿದ್ರ ಹೂಂ ಅನಬ್ಯಾಡ್ರಿ ಅಂತ."

ಎಲ್ಲರೂ ನಕ್ಕರು. ನಾವೂ ನಕ್ಕೆವು, ಆದರೆ ಆ ಮಾತು ನಮಗೆ ನಾಟಿತು. ಆನ್‌ಲೈನ್ ಮೋಸದ ತರಬೇತಿಯಲ್ಲಿ ಬೇಡ ಅನ್ನುವುದನ್ನು ಕಲಿಸಿದ್ದೆವು. ಯಾವಾಗ ಹೌದು ಅನ್ನಬೇಕು ಎಂಬುದನ್ನು ಕಲಿಸಿರಲಿಲ್ಲ. ಆ ಕೊರತೆ ತುಂಬಲೆಂದೇ ಈ ಪಾಠ.

ಮೊದಲ ಪ್ರಶ್ನೆ: ಕೆಟ್ಟದ್ದು ಕ್ಯಾಮೆರಾವೋ, ಒಂದು ಆ್ಯಪ್ಪೋ?

ಫೋನಿನ ಸ್ವಂತ ಕ್ಯಾಮೆರಾ ತೆರೆದು ನೋಡಿ. ವಾಟ್ಸಾಪ್‌ನಲ್ಲಿ ಫೋಟೋ ತೆಗೆದು ನೋಡಿ. ಹಿಂದಿನ ಕ್ಯಾಮೆರಾ, ಮುಂದಿನ ಕ್ಯಾಮೆರಾ ಎರಡನ್ನೂ ನೋಡಿ. ಉಳಿದ ಕಡೆ ಬಂದು ಒಂದೇ ಆ್ಯಪ್‌ನಲ್ಲಿ ಬರದಿದ್ದರೆ ಕ್ಯಾಮೆರಾ ಗಟ್ಟಿಯಾಗಿಯೇ ಇದೆ. ತೊಡಕು ಆ ಆ್ಯಪ್‌ನಲ್ಲಿ ಅಥವಾ ಅದರ ಅನುಮತಿಯಲ್ಲಿದೆ. ಎಲ್ಲಿಯೂ ಬರದಿದ್ದರೆ ಫೋನನ್ನೇ ಪರೀಕ್ಷಿಸಬೇಕು.

ಒಂದೇ ಆ್ಯಪ್‌ನಲ್ಲಿ ಬರದಿದ್ದರೆ:

1. ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ಒತ್ತಿ, ಆ ಆ್ಯಪ್‌ನ ಹೆಸರು ಹುಡುಕಿ, ಪರ್ಮಿಶನ್ಸ್ ಅಂದರೆ ಅನುಮತಿಗಳು ಎಂಬಲ್ಲಿ ಕ್ಯಾಮೆರಾ ಒತ್ತಿ. "ಆ್ಯಪ್ ಬಳಸುವಾಗ ಮಾತ್ರ" ಎಂಬುದನ್ನು ಆರಿಸಿ. ಬೆಳೆ ಸಮೀಕ್ಷೆಗೆ ಹೊಲದ ಸ್ಥಳವೂ ದಾಖಲಾಗಬೇಕು, ಆದ್ದರಿಂದ ಲೊಕೇಶನ್ ಅನುಮತಿಯನ್ನೂ ಹಾಗೆಯೇ ಕೊಡಿ.

2. 2020ರಲ್ಲಿ ಬಂದ ಆಂಡ್ರಾಯ್ಡ್ 11 ಮತ್ತು ಅದರ ನಂತರದ ಫೋನುಗಳಲ್ಲಿ ಎರಡು ಸಲ ಬೇಡ ಎಂದರೆ ಆ ಆ್ಯಪ್ ಮತ್ತೆ ಕೇಳುವುದೇ ಇಲ್ಲ. ನಾವೇ ಹುಡುಕಿಕೊಂಡು ಹೋಗಿ ಕೊಡಬೇಕು. ಇನ್ನೊಂದು ಮಾತು. ಕೆಲವು ತಿಂಗಳು ತೆರೆಯದೇ ಬಿಟ್ಟ ಆ್ಯಪ್‌ನ ಅನುಮತಿಯನ್ನು ಫೋನ್ ತಾನಾಗಿಯೇ ವಾಪಸ್ ತೆಗೆದುಕೊಳ್ಳುತ್ತದೆ. ಇದು ನಮ್ಮ ರಕ್ಷಣೆಗಾಗಿಯೇ ಮಾಡಿದ್ದು. ಆದರೆ ಹಂಗಾಮಿಗೊಮ್ಮೆ ತೆರೆಯುವವರಿಗೆ ಇದರಿಂದಲೇ ಕ್ಯಾಮೆರಾ ಕೆಟ್ಟಂತೆ ಕಾಣುತ್ತದೆ.

3. ಸಮೀಕ್ಷೆ ಆ್ಯಪ್‌ನಲ್ಲಿ "ಕ್ಲಿಯರ್ ಡೇಟಾ" ಎಂಬುದನ್ನು ಒತ್ತಬೇಡಿ. ಇನ್ನೂ ಕಳಿಸದೆ ಉಳಿದ ಫೋಟೋ, ವಿವರ ಎಲ್ಲ ಅಳಿಸಿಹೋಗಬಹುದು. ಮೊದಲು ಅಪ್‌ಲೋಡ್ ಮಾಡಿ, ನಂತರ ಮುಂದಿನ ಮಾತು.

ಎಲ್ಲಿಯೂ ಬರದಿದ್ದರೆ:

1. ಗಾಜು ನೋಡಿ. ಎರೆ ಮಣ್ಣಿನ ಧೂಳು, ಬೆವರು, ಎಣ್ಣೆ ಕೈ ತಾಗಿ ಫೋಟೋ ಮಬ್ಬಾಗುತ್ತದೆ. ಮೊದಲು ಧೂಳು ಊದಿ ತೆಗೆದು, ಆಮೇಲೆ ಮೆತ್ತನೆಯ ಒಣ ಅರಿವೆಯಿಂದ ಮೆಲ್ಲಗೆ ಒರೆಸಿ. ಮಣ್ಣು ಹತ್ತಿದ ಸೆರಗಿನಿಂದ ತಿಕ್ಕಿದರೆ ಗೀರು ಬೀಳುತ್ತದೆ. ಕವರ್ ಅಡ್ಡ ಬಂದಿದೆಯೋ ನೋಡಿ.

2. ಟಾರ್ಚ್ ಹಚ್ಚಿದ್ದರೆ ಆರಿಸಿ. ವಿಡಿಯೋ ಕಾಲ್ ಅಥವಾ ಬೇರೆ ಆ್ಯಪ್ ಕ್ಯಾಮೆರಾವನ್ನು ಹಿಡಿದುಕೊಂಡಿರಬಹುದು. ತೆರೆದಿರುವ ಎಲ್ಲವನ್ನೂ ಮುಚ್ಚಿ.

3. ಫೋನ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಎಷ್ಟೋ ತೊಡಕು ಇಷ್ಟಕ್ಕೇ ಬಿಡುತ್ತದೆ.

4. ಬಿಸಿ ಮತ್ತು ಚಾರ್ಜ್ ನೋಡಿ. ಉರಿಬಿಸಿಲಲ್ಲಿ ಕಾದ ಫೋನ್ ಕ್ಯಾಮೆರಾವನ್ನು ತಾನೇ ಬಂದ್ ಮಾಡುವುದುಂಟು. ನೆರಳಿನಲ್ಲಿಟ್ಟು ಆರಲು ಬಿಡಿ. ಫ್ರಿಜ್‌ನಲ್ಲಿ ಇಡಬೇಡಿ, ಒಳಗೆ ನೀರಿನ ಪಸೆ ಸೇರುತ್ತದೆ. ಚಾರ್ಜ್ ತೀರಾ ಇಳಿದಾಗ ಅನೇಕ ಫೋನುಗಳಲ್ಲಿ ಫ್ಲ್ಯಾಶ್ ಬರುವುದಿಲ್ಲ.

5. ಜಾಗ ತುಂಬಿದರೆ ಫೋಟೋ ಉಳಿಯುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದು ಬಿದ್ದ ಬೇಡವಾದ ವಿಡಿಯೋಗಳನ್ನು ಅಳಿಸಿ.

6. 2021ರಲ್ಲಿ ಬಂದ ಆಂಡ್ರಾಯ್ಡ್ 12 ಮತ್ತು ಅದರ ನಂತರದ ಅನೇಕ ಫೋನುಗಳಲ್ಲಿ, ಮೇಲಿನಿಂದ ಪರದೆ ಎಳೆದಾಗ ಬರುವ ಗುಂಡಿಗಳಲ್ಲಿ ಕ್ಯಾಮೆರಾವನ್ನೇ ಪೂರ್ತಿ ಬಂದ್ ಮಾಡುವ ಒಂದು ಗುಂಡಿ ಇರುತ್ತದೆ. ಮಕ್ಕಳು ಆಡುತ್ತಾ ಒತ್ತಿರಬಹುದು.

7. ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಫೋನಿನ ಕ್ಯಾಮೆರಾ ತೆರೆದು "ಕ್ಲಿಯರ್ ಕ್ಯಾಶ್" ಒತ್ತಿ. ಇದರಿಂದ ತೆಗೆದ ಫೋಟೋಗಳು ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕತ್ತಲೆಯೇ ಕಂಡರೆ, ಅದರಲ್ಲೂ ಫೋನ್ ಕೆಳಗೆ ಬಿದ್ದಿದ್ದರೆ ಅಥವಾ ನೀರು ತಾಗಿದ್ದರೆ, ಒಳಗಿನ ಭಾಗ ಕೆಟ್ಟಿರುವ ಸಂಭವ ಹೆಚ್ಚು. ಆಗ ಮಾತ್ರ ರಿಪೇರಿ ಅಂಗಡಿ. ಫ್ಯಾಕ್ಟರಿ ರೀಸೆಟ್ ಎಂಬುದು ಕೊನೆಯ ದಾರಿ. ಅದು ಫೋನಿನಲ್ಲಿರುವ ಫೋಟೋ, ನಂಬರು ಎಲ್ಲ ಅಳಿಸುತ್ತದೆ. ಬೇರೆ ಕಡೆ ಉಳಿಸಿಕೊಳ್ಳದೆ ಯಾರೂ ಒತ್ತಲು ಬಿಡಬೇಡಿ.

ಅಂಗಡಿಗೆ ಕೊಡುವಾಗ:

ವಾರಂಟಿ ಇದೆಯೋ ನೋಡಿ. ಖರ್ಚು ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ, ಬಿಲ್ ಪಡೆಯಿರಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. ಹಣದ ಪಿನ್ ಯಾರಿಗೂ ಹೇಳಬೇಡಿ. ಹೆಣ್ಣುಮಕ್ಕಳ ಖಾಸಗಿ ಫೋಟೋ ಇದ್ದರೆ ಮೊದಲೇ ತೆಗೆದಿಟ್ಟು ಕೊಡಿ. ಸಾಧ್ಯವಿದ್ದರೆ ಎದುರಿಗೇ ಕುಳಿತು ರಿಪೇರಿ ಮಾಡಿಸಿ.

ಹಾಗಾದರೆ ಯಾವಾಗ ಹೌದು, ಯಾವಾಗ ಬೇಡ?

ಅನುಮತಿ ಕೇಳುವ ಆ್ಯಪ್ ಯಾವುದು, ಅದರ ಕೆಲಸ ಏನು ಎಂದು ನೋಡಿ. ಬೆಳೆಯ ಫೋಟೋ ತೆಗೆಯುವ ಆ್ಯಪ್ ಕ್ಯಾಮೆರಾ ಕೇಳಿದರೆ ಅದು ನ್ಯಾಯ. ಟಾರ್ಚ್ ಹಚ್ಚುವ ಆ್ಯಪ್ ನಿಮ್ಮ ಮೆಸೇಜು, ನಂಬರು ಕೇಳಿದರೆ ಅನುಮಾನ ಪಡಬೇಕು. "ಕ್ಯಾಮೆರಾ ಸರಿ ಮಾಡಿಕೊಡ್ತೀವಿ, ಈ ಆ್ಯಪ್ ಹಾಕ್ಕೊಳ್ರಿ" ಎಂದು ಗೊತ್ತಿಲ್ಲದವರು ಫೋನ್ ಮಾಡಿದರೆ ಖಂಡಿತ ಬೇಡ. ನಿಮ್ಮ ಫೋನನ್ನು ಅವರು ದೂರದಿಂದಲೇ ನಡೆಸಿ ಹಣ ಎಳೆದುಕೊಳ್ಳಬಹುದು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕ್ಯಾಮೆರಾ ನಿಜವಾಗಿಯೂ ಕೆಟ್ಟಿದ್ದರೆ ಕೈಕಟ್ಟಿ ಕೂಡಬೇಡಿ. ಬೆಳೆ ನಿಂತಿರುವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಸಮೀಕ್ಷೆಯ ಕೊನೆಯ ದಿನ ಯಾವುದು, ನಿಮ್ಮ ಊರಿಗೆ ನೇಮಿಸಿದ ಸಮೀಕ್ಷೆಯವರು ಯಾರು ಎಂದು ಕೇಳಿ, ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ದಾಖಲಾದ ಬೆಳೆ ಸರಿಯಿದೆಯೋ ಎಂದು "ಬೆಳೆ ದರ್ಶಕ" ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು.

ಆ ಅಕ್ಕನ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ಮರುದಿನ ಹೊಲದಲ್ಲಿ ಫೋಟೋ ತೆಗೆದು ಕಳಿಸಿ, ಅದರ ಮರುದಿನ ಹೆಸರು ಬಿಡಿಸಿದರು. ಹತ್ತು ಸಾವಿರ ಸಂಘದಲ್ಲೇ ಉಳಿಯಿತು. ಹಿಂಗಾರಿಗೆ ಕಡಲೆ ಬಿತ್ತಲು ಅದೇ ಹಣವನ್ನು ಅವರು ಬೀಜಕ್ಕೆಂದು ಪಡೆದರು. ಸಾಲ ಅಂದರೆ ಹಾಗಿರಬೇಕು.

ಸಂಘದಲ್ಲಿ ಚರ್ಚಿಸಲು:

1. ನಿಮ್ಮ ಮನೆಯಲ್ಲಿ ಫೋನ್ ಕೆಟ್ಟಾಗ ಮೊದಲು ಯಾರ ಮಾತು ನಡೆಯುತ್ತದೆ? ನೀವೇ ಪರೀಕ್ಷಿಸಿ ನೋಡಿದ್ದೀರಾ?

2. ಮುಂದಿನ ಸಭೆಗೆ ಎಲ್ಲರೂ ಫೋನ್ ತನ್ನಿರಿ. ಇಬ್ಬಿಬ್ಬರು ಕೂಡಿ, ಯಾವ ಆ್ಯಪ್‌ಗೆ ಕ್ಯಾಮೆರಾ ಅನುಮತಿ ಇದೆ ಎಂದು ನೋಡಿ, ಬೇಡವಾದದ್ದನ್ನು ತೆಗೆಯಿರಿ.

3. ಸಮೀಕ್ಷೆಗೆ ಹೋಗುವ ಹಿಂದಿನ ದಿನವೇ ಫೋನ್ ಪರೀಕ್ಷಿಸುವ ಜವಾಬ್ದಾರಿಯನ್ನು ನಿಮ್ಮ ಸಂಘದಲ್ಲಿ ಯಾರು ತೆಗೆದುಕೊಳ್ಳುತ್ತೀರಿ?